ರಾತ್ರಿ ಬಾಗಿಲು ತೆರೆಯುವ ಗಿಡ

ಮನೆಗೆ ಬಂದವರು ಕೋಣೆಯ ಮೂಲೆಯಲ್ಲಿರುವ ಕುಂಡವನ್ನು ಕಂಡ ಕೂಡಲೇ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಸ್ನೇಕ್ ಪ್ಲಾಂಟ್ ಅಲ್ಲವೇ? ರಾತ್ರಿಯೂ ಆಮ್ಲಜನಕ ಕೊಡುತ್ತದಂತೆ." ಆ 'ಅಂತೆ' ಬಹಳ ವರ್ಷ ನನ್ನ ಬಾಯಲ್ಲೂ ಇತ್ತು. ಸ್ನೇಹಿತರಿಗೆ ಈ ಗಿಡವನ್ನು ಕೊಡುವಾಗ ನಾನೇ ಅದನ್ನು ಹೇಳಿದ್ದೇನೆ, ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಳ್ಳಿ ಎಂದು ಸಲಹೆಯನ್ನೂ ಕೊಟ್ಟಿದ್ದೇನೆ. ಆಮೇಲೆ ನನ್ನ ಬಳಿಯೇ ಇದ್ದ, ಆರು ವರ್ಷ ಬೆಳೆದಿದ್ದ ಗಿಡವೊಂದು ನನ್ನ ಕೈಯಾರೆ ಸತ್ತಿತು. ಅದು ಏಕೆ ಸತ್ತಿತು ಎಂದು ಹುಡುಕುತ್ತಾ ಹೋದಾಗ ಗೊತ್ತಾದದ್ದು ಇದು: ಆಮ್ಲಜನಕದ ಮಾತಿನಲ್ಲಿರುವ ತಪ್ಪೂ ನನ್ನ ಆರೈಕೆಯಲ್ಲಿದ್ದ ತಪ್ಪೂ ಬೇರೆಬೇರೆಯಲ್ಲ. ಈ ಗಿಡಕ್ಕೂ ನೀರಿಗೂ ಇರುವ ಸಂಬಂಧ ತಿಳಿಯದೆ ಹೋದದ್ದೇ ಎರಡಕ್ಕೂ ಮೂಲ. ಅಂದಿನಿಂದ ಆ 'ಅಂತೆ' ಕಿವಿಗೆ ಬಿದ್ದಾಗಲೆಲ್ಲ ಏನೋ ಚುಚ್ಚಿದಂತಾಗುತ್ತದೆ.

ಕೈಗೆ ಬಂದ ಎಲೆ

ಒಂದು ಬೆಳಿಗ್ಗೆ ಧೂಳು ಒರೆಸಲೆಂದು ಒದ್ದೆ ಬಟ್ಟೆ ಹಿಡಿದು ಎಲೆಯೊಂದನ್ನು ಮುಟ್ಟಿದೆ. ಎಲೆ ಕೈಗೇ ಬಂತು. ಎಳೆಯಲೂ ಇಲ್ಲ, ತಿರುಚಲೂ ಇಲ್ಲ. ಒರೆಯಿಂದ ಕತ್ತಿ ಬಂದಂತೆ ಮಣ್ಣಿನಿಂದ ಸಲೀಸಾಗಿ ಎದ್ದು ಬಂತು. ಮೇಲ್ಭಾಗದಲ್ಲಿ ಯಾವ ಕೊರತೆಯೂ ಇರಲಿಲ್ಲ. ಕಡು ಹಸಿರಿನ ಮೇಲೆ ಬೂದು ಹಸಿರಿನ ಅಲೆ ಅಲೆ ಪಟ್ಟೆಗಳು, ಎರಡೂ ಅಂಚಿನಲ್ಲಿ ಹಳದಿ ಗೆರೆ, ತುದಿಯಲ್ಲಿ ಸೂಜಿಯಂತಹ ಮೊನೆ, ಮೂರಡಿ ಉದ್ದಕ್ಕೂ ಅದೇ ಬಿಗುವು. ಬುಡದ ನಾಲ್ಕು ಬೆರಳಿನಷ್ಟು ಭಾಗ ಮಾತ್ರ ಕಂದುಬಣ್ಣಕ್ಕೆ ತಿರುಗಿ ಲೋಳೆಯಾಗಿತ್ತು. ಅದರಿಂದ ಹಳೆಯ ಹೂದಾನಿಯ ನೀರಿನ ವಾಸನೆ ಬರುತ್ತಿತ್ತು. ಆ ಲೋಳೆಯೊಳಗಿನಿಂದ ಬಿಳಿಯ ನೂಲಿನಂತಹ ಎಳೆಗಳು ಇಳಿಬಿದ್ದಿದ್ದವು. ಎಲೆಯ ಮಾಂಸವೆಲ್ಲ ಕರಗಿದ್ದರೂ ಆ ಎಳೆಗಳಿಗೆ ಏನೂ ಆಗಿರಲಿಲ್ಲ. ಅವುಗಳ ವಿಷಯಕ್ಕೆ ಮುಂದೆ ಬರುತ್ತೇನೆ.

ಕುಂಡವನ್ನು ಬೋರಲು ಹಾಕಿದೆ. ಮಣ್ಣಿನೊಳಗೆ ಅಡ್ಡಲಾಗಿ ಹರಿಯುವ ಇದರ ಗೆಡ್ಡೆಕಾಂಡ ಆರೋಗ್ಯವಾಗಿದ್ದಾಗ ಹಸಿ ಅರಿಶಿನದ ಕೊನೆಯಂತೆ ಕಿತ್ತಳೆ ಬಣ್ಣಕ್ಕಿರುತ್ತದೆ, ಉಗುರು ಊರಿದರೆ ಕಚ್ಚದಷ್ಟು ಗಟ್ಟಿಯಾಗಿರುತ್ತದೆ. ನನ್ನ ಗಿಡದ್ದು ಬೆರಳಿಟ್ಟಲ್ಲೆಲ್ಲ ಕುಸಿಯಿತು. ನನ್ನನ್ನು ಹೆಚ್ಚು ಕಾಡಿದ್ದು ಸಾವಲ್ಲ, ಅದರ ಮೌನ. ಬೇರುಗಳು ಸತ್ತು ವಾರಗಳೇ ಕಳೆದಿರಬೇಕು. ತನ್ನೊಳಗೇ ನೀರು ತುಂಬಿಟ್ಟುಕೊಂಡ ಎಲೆಗಳು ಕೆಳಗೆ ಏನಾಗಿದೆ ಎಂಬ ಸುಳಿವನ್ನೂ ಕೊಡದೆ ಹಾಗೆಯೇ ನೆಟ್ಟಗೆ ನಿಂತಿದ್ದವು. ಬೇರೆ ಗಿಡಗಳು ಬಾಡಿ, ಜೋತುಬಿದ್ದು ನಮ್ಮನ್ನು ಕರೆಯುತ್ತವೆ. ಇದು ಕರೆಯುವುದಿಲ್ಲ.

ಆ ತಿಂಗಳುಗಳಲ್ಲಿ ನಾನು ಅದಕ್ಕೆ ಎರಡು ದಿನಕ್ಕೊಮ್ಮೆ ನೀರು ಹಾಕುತ್ತಿದ್ದೆ. ಮೇಲಿನ ಮಣ್ಣು ಒಣಗಿದ್ದು ಕಂಡರೆ ಸಾಕು, ಚೊಂಬು ಕೈಗೆ ಬರುತ್ತಿತ್ತು. ಅದೇ ಸಮಯದಲ್ಲಿ ಗಿಡವನ್ನು ಕಿಟಕಿಯ ಬಳಿಯಿಂದ ತೆಗೆದು ಬೆಳಕು ಸುಳಿಯದ ಮೂಲೆಗೆ ಸರಿಸಿದ್ದೆ, 'ಕತ್ತಲಲ್ಲೂ ಬೆಳೆಯುತ್ತದಂತೆ' ಎಂಬ ಇನ್ನೊಂದು ಮಾತನ್ನು ನಂಬಿ. ಕಡಿಮೆ ಬೆಳಕನ್ನು ಇದು ಸಹಿಸುತ್ತದೆ, ನಿಜ. ಸಹಿಸುವುದು ಬೇರೆ, ಬೆಳೆಯುವುದು ಬೇರೆ. ಮಂದ ಬೆಳಕಿನಲ್ಲಿ ಇದರ ಬೆಳವಣಿಗೆ ನಿಂತೇ ಹೋಗುತ್ತದೆ, ಆಗ ನೀರಿನ ಅಗತ್ಯ ಮತ್ತಷ್ಟು ತಗ್ಗುತ್ತದೆ. ಕುಡಿಯದ ನೀರು ಮಣ್ಣಿನ ಕಣಗಳ ನಡುವಿನ ಗಾಳಿಯನ್ನು ಹೊರದಬ್ಬಿ ತಾನು ಕೂರುತ್ತದೆ. ಬೇರುಗಳೂ ಉಸಿರಾಡಬೇಕಲ್ಲ. ಗಾಳಿಯಿಲ್ಲದೆ ಸತ್ತ ಬೇರಿಗೆ ಕೊಳೆಸುವ ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಮುತ್ತುತ್ತವೆ. ಬರಗಾಲಕ್ಕೆ ಸಿದ್ಧವಾದ ಗಿಡವನ್ನು ನಾನು ನೆರೆಯಲ್ಲಿ ಮುಳುಗಿಸಿದ್ದೆ.

ನೀರಿನ ಲೆಕ್ಕ

ಇದರ ಬಳಗದ ಎಪ್ಪತ್ತರಷ್ಟು ಪ್ರಭೇದಗಳಲ್ಲಿ ಹೆಚ್ಚಿನವು ಆಫ್ರಿಕಾದ ಒಣ ನೆಲಗಳವು. ಕೆಲವು ಅರೇಬಿಯಾ ಮತ್ತು ದಕ್ಷಿಣ ಏಷ್ಯಾದವು. ನಮ್ಮ ಕುಂಡಗಳಲ್ಲಿ ಸಾಮಾನ್ಯವಾಗಿ ಕಾಣುವ ಪ್ರಭೇದ ಪಶ್ಚಿಮ ಆಫ್ರಿಕಾದ್ದು, ನೈಜೀರಿಯಾದಿಂದ ಕಾಂಗೋವರೆಗಿನ ಪ್ರದೇಶದ್ದು. ಇದಕ್ಕೆ ನೆಲದ ಮೇಲೆ ಕಾಂಡವೇ ಇಲ್ಲ. ಕಾಂಡ ಮಣ್ಣಿನಡಿ ತೆವಳುತ್ತಾ ಹೋಗಿ ಅಲ್ಲಲ್ಲಿ ಎಲೆಗಳ ಗೊಂಚಲನ್ನು ಮೇಲಕ್ಕೆ ಕಳುಹಿಸುತ್ತದೆ. ಎಲೆಯೇ ಕೊಡ, ಎಲೆಯೇ ಕಂಬ. ಎಲೆಯನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ಹೊರಗೆ ಮೇಣದ ದಪ್ಪ ಹೊದಿಕೆ, ಅದರೊಳಗೆ ಹಸಿರು ಪದರ, ನಡುವೆ ಬಣ್ಣವಿಲ್ಲದ ನೀರಿನ ಕೋಶಗಳು. ಆ ಕೋಶಗಳ ಗೋಡೆಗಳಲ್ಲಿ ದಪ್ಪನೆಯ ಪಟ್ಟಿಗಳಿರುತ್ತವೆ. ನೀರು ಖಾಲಿಯಾದಂತೆ ಪಟ್ಟಿಗಳ ನಡುವಿನ ತೆಳುಭಾಗ ಹಾರ್ಮೋನಿಯಂನ ತಿದಿಯಂತೆ ಮಡಚಿಕೊಳ್ಳುತ್ತದೆ, ನೀರು ಬಂದಾಗ ಮತ್ತೆ ಬಿಚ್ಚಿಕೊಳ್ಳುತ್ತದೆ. ಬಹಳ ದಿನ ನೀರು ಕಾಣದ ಗಿಡದ ಎಲೆಯ ಮೇಲೆ ಉದ್ದುದ್ದಕ್ಕೆ ಸುಕ್ಕು ಕಾಣಿಸಿಕೊಳ್ಳುವುದು, ನೀರು ಹಾಕಿದ ಕೆಲವೇ ದಿನಗಳಲ್ಲಿ ಅದು ಮಾಯವಾಗುವುದು ಇದರಿಂದಲೇ.

ಇದಕ್ಕಿಂತ ದೊಡ್ಡ ಉಪಾಯ ಉಸಿರಾಟದಲ್ಲಿದೆ. ಎಲೆಗೆ ಇಂಗಾಲದ ಡೈಆಕ್ಸೈಡ್ ಬೇಕೆಂದರೆ ಪತ್ರರಂಧ್ರಗಳನ್ನು ತೆರೆಯಲೇಬೇಕು. ತೆರೆದರೆ ಒಳಗಿನ ನೀರು ಆವಿಯಾಗಿ ಹೋಗುತ್ತದೆ. ಬಹುಪಾಲು ಗಿಡಗಳು ಹಗಲಿನಲ್ಲಿ ಬಾಗಿಲು ತೆರೆದು ಈ ನಷ್ಟವನ್ನು ಒಪ್ಪಿಕೊಂಡಿವೆ. ಒಂದು ಗ್ರಾಂ ಇಂಗಾಲದ ಡೈಆಕ್ಸೈಡ್ ಪಡೆಯಲು ಅವು 400ರಿಂದ 500 ಗ್ರಾಂ ನೀರನ್ನು ತೆರುತ್ತವೆ. ಹಾವಿನ ಗಿಡದಂತಹವು ಬಿಸಿಲಿರುವಷ್ಟು ಹೊತ್ತು ಬಾಗಿಲು ಮುಚ್ಚಿಕೊಂಡಿದ್ದು ಕತ್ತಲಾಗಿ ತಂಪಾದ ಮೇಲೆ ತೆರೆಯುತ್ತವೆ. ಹೀಗೆ ಬದುಕುವ ಸಸ್ಯಗಳಿಗೆ ಅದೇ ಒಂದು ಗ್ರಾಂಗೆ 50ರಿಂದ 100 ಗ್ರಾಂ ನೀರು ಸಾಕು. ಆದರೆ ರಾತ್ರಿ ಬೆಳಕಿಲ್ಲ, ಬೆಳಕಿಲ್ಲದೆ ಸಕ್ಕರೆ ತಯಾರಾಗದು. ಆದ್ದರಿಂದ ಒಳಗೆ ಬಂದ ಇಂಗಾಲವನ್ನು ಮ್ಯಾಲಿಕ್ ಆಮ್ಲವಾಗಿ ಮಾರ್ಪಡಿಸಿ ಪ್ರತಿ ಕೋಶದ ರಸದ ಚೀಲದಲ್ಲಿ ಕೂಡಿಡುತ್ತವೆ. ಬೆಳಗಾದ ಮೇಲೆ ಬಾಗಿಲು ಮುಚ್ಚಿ, ಆಮ್ಲವನ್ನು ಒಡೆದು, ಬಿಡುಗಡೆಯಾದ ಇಂಗಾಲದ ಡೈಆಕ್ಸೈಡನ್ನು ಬಿಸಿಲಿನ ನೆರವಿನಿಂದ ಸಕ್ಕರೆಯಾಗಿಸುತ್ತವೆ. ಕಾಡುಬಸಳೆ ಸೇರಿರುವ ಕ್ರಾಸುಲೇಸಿ ಕುಟುಂಬದ ಹೆಸರನ್ನೇ ಈ ಕ್ರಮಕ್ಕೂ ಇಟ್ಟಿದ್ದಾರೆ.

ಅದಕ್ಕೊಂದು ಕಾರಣವಿದೆ. ದಕ್ಷಿಣ ಭಾರತದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಸ್ಯವಿಜ್ಞಾನಿಯಾಗಿದ್ದ ಬೆಂಜಮಿನ್ ಹೈನೆ ಕಾಡುಬಸಳೆಯ ಎಲೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ಬಾಯಿಗೆ ಹಾಕಿಕೊಂಡು ನೋಡಿದ. ಬೆಳಿಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಯ ಹೊತ್ತಿಗೆ ತುಸು ಕಹಿ. ಅವನ ಈ ಅನುಭವವನ್ನು ತಿಳಿಸುವ ಪತ್ರವನ್ನು ಲಂಡನ್ನಿನ ಲಿನ್ನಿಯನ್ ಸೊಸೈಟಿ 1815ರಲ್ಲಿ ಪ್ರಕಟಿಸಿತು. ಅದನ್ನು ಓದಿದ ದಿನ ನನಗೆ ಕೂರಲಾಗಲಿಲ್ಲ. ಹಾವಿನ ಗಿಡದ ಎಲೆಯನ್ನು ಬಾಯಿಗೆ ಹಾಕಿಕೊಳ್ಳುವಂತಿಲ್ಲ, ಅದರಲ್ಲಿ ಸಪೊನಿನ್ ಎಂಬ ವಿಷಕಾರಿ ಅಂಶವಿದೆ. ನಾಲಿಗೆಯ ಬದಲು ಆಮ್ಲತೆ ತೋರಿಸುವ ಬಣ್ಣದ ಕಾಗದ ತಂದೆ. ಆ ಹೊತ್ತಿಗೆ ಬೇರೊಂದು ಗಿಡ ಕಿಟಕಿಯ ಬಳಿ ಬೆಳೆಯುತ್ತಿತ್ತು. ಬೆಳಕು ಹರಿಯುವ ಮೊದಲೇ ಎದ್ದು, ಅದರ ಒಂದು ಎಲೆಯ ಅಂಚಿನಿಂದ ಉಗುರಿನಷ್ಟು ಚೂರನ್ನು ಕೊಯ್ದು, ಗಾಜಿನ ಮೇಲೆ ಚಮಚದ ಹಿಂಬದಿಯಿಂದ ಅರೆದು, ರಸಕ್ಕೆ ಕಾಗದ ತಾಗಿಸಿದೆ. ಅದೇ ಎಲೆಯಿಂದ ಸಂಜೆ ಇನ್ನೊಂದು ಚೂರು. ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟೆ. ಸಂಜೆಯದು ಹಳದಿಯಲ್ಲೇ ನಿಂತಿತ್ತು, ಬೆಳಗಿನದು ಕಿತ್ತಳೆಗೆ ವಾಲಿತ್ತು. ಅಂತರ ದೊಡ್ಡದಲ್ಲ, ಆದರೆ ಸಂದೇಹಕ್ಕೆ ಎಡೆಯಿರಲಿಲ್ಲ. ನಾನು ಮಲಗಿದ್ದಾಗ ನನ್ನಿಂದ ಎರಡು ಮಾರು ದೂರದಲ್ಲಿ ಆ ಎಲೆ ಹುಳಿಯಾಗಿತ್ತು. ಆರು ವರ್ಷ ಒಂದು ಗಿಡವನ್ನು ಸಾಕಿಯೂ ಅದು ಪ್ರತಿ ರಾತ್ರಿ ಮಾಡುತ್ತಿದ್ದ ಕೆಲಸ ನನಗೆ ತಿಳಿದಿರಲಿಲ್ಲ. ಆ ಎರಡು ಕಾಗದದ ಚೂರುಗಳನ್ನು ಇಂದಿಗೂ ಇಟ್ಟುಕೊಂಡಿದ್ದೇನೆ, ಬಣ್ಣ ಮಾಸಿದೆ.

ಅಂತೆಯೂ ಗಾಳಿಯೂ

ಈಗ ಆಮ್ಲಜನಕದ ಮಾತು. ಆಮ್ಲಜನಕ ಹುಟ್ಟುವುದು ಬೆಳಕು ನೀರನ್ನು ಸೀಳಿದಾಗ, ಅಂದರೆ ಹಗಲಿನಲ್ಲಿ. ಹಾವಿನ ಗಿಡಕ್ಕೂ ಬೇರೆ ನಿಯಮವಿಲ್ಲ. ರಾತ್ರಿ ಅದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳುತ್ತದೆ, ಅಷ್ಟೇ. ಅದನ್ನೇ ಯಾರೋ 'ರಾತ್ರಿ ಆಮ್ಲಜನಕ ಬಿಡುತ್ತದೆ' ಎಂದು ತಿರುಗಿಸಿದ್ದಾರೆ. ಒಳಗೆಳೆದುಕೊಳ್ಳುವ ಪ್ರಮಾಣವೂ ನಮ್ಮ ಉಸಿರಿನ ಮುಂದೆ ಲೆಕ್ಕಕ್ಕೆ ಬರುವಂತಹುದಲ್ಲ. ಒಬ್ಬ ಮನುಷ್ಯ ದಿನಕ್ಕೆ ಬಳಸುವ ಆಮ್ಲಜನಕ ಸುಮಾರು 550 ಲೀಟರ್. ನಿಧಾನಗತಿಯ ಒಂದು ಕುಂಡದ ಗಿಡ ಅದನ್ನು ಸರಿದೂಗಿಸಲಾರದು.

ಗಾಳಿ ಶುದ್ಧಿಯ ಮಾತಿಗೆ ಇದಕ್ಕಿಂತ ಗಟ್ಟಿಯಾದ ಮೂಲವಿದೆ, ಆದ್ದರಿಂದಲೇ ಅದು ಇಷ್ಟು ದೂರ ಹಬ್ಬಿದೆ. 1989ರಲ್ಲಿ ನಾಸಾದ ಬಿ. ಸಿ. ವೊಲ್ವರ್ಟನ್ ಮತ್ತು ಸಂಗಡಿಗರು ಒಳಾಂಗಣ ಗಿಡಗಳನ್ನು ಪಾರದರ್ಶಕ ಪೆಟ್ಟಿಗೆಗಳಲ್ಲಿಟ್ಟು, ಬೆಂಜೀನ್, ಫಾರ್ಮಾಲ್ಡಿಹೈಡ್, ಟ್ರೈಕ್ಲೋರೋಎಥಿಲೀನ್ ಅನಿಲಗಳನ್ನು ಬಿಟ್ಟು, ಎಷ್ಟು ಕಡಿಮೆಯಾಗುತ್ತದೆ ಎಂದು ಅಳೆದರು. ಹಾವಿನ ಗಿಡವೂ ಆ ಪಟ್ಟಿಯಲ್ಲಿತ್ತು, ಅನಿಲಗಳು ಕಡಿಮೆಯಾದದ್ದೂ ನಿಜ. ಆದರೆ ಅವು ಬಿಗಿಯಾಗಿ ಮುಚ್ಚಿದ ಸಣ್ಣ ಪೆಟ್ಟಿಗೆಗಳು. ಬಾಹ್ಯಾಕಾಶ ನೌಕೆಯ ಚಿಂತೆಯಿಂದ ಹೊರಟ ಆ ಪ್ರಯೋಗಕ್ಕೆ ಅದು ಸರಿಯಾದ ಅಳತೆಯೇ. ಮನೆ ಹಾಗಿಲ್ಲ. ಬಾಗಿಲ ಸಂದಿ, ಕಿಟಕಿಗಳಿಂದ ಗಾಳಿ ಸದಾ ಬದಲಾಗುತ್ತಿರುತ್ತದೆ. ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಕಮಿಂಗ್ಸ್ ಮತ್ತು ವೇರಿಂಗ್ ಇಂತಹ 12 ಅಧ್ಯಯನಗಳ ಫಲಿತಾಂಶಗಳನ್ನು ಒಟ್ಟು ಸೇರಿಸಿ 2019ರಲ್ಲಿ ಲೆಕ್ಕ ಹಾಕಿದಾಗ, ಸಹಜವಾಗಿ ಗಾಳಿಯಾಡುವುದರಿಂದ ಆಗುವ ಶುದ್ಧಿಯನ್ನು ಗಿಡಗಳಿಂದಲೇ ಪಡೆಯಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡಗಳು ಬೇಕಾಗುತ್ತವೆ ಎಂದು ಕಂಡುಬಂತು. ಕಿಟಕಿ ತೆರೆಯುವುದೇ ಮೇಲು.

ಇದನ್ನು ಹೇಳಿದರೆ ಕೆಲವರ ಮುಖ ಬಾಡುತ್ತದೆ. ಹಾಗಾದರೆ ಇದರಿಂದ ಏನು ಉಪಯೋಗ ಎಂದು ಕೇಳುತ್ತಾರೆ. ಇಲ್ಲದ ಗುಣವನ್ನು ಹೊರಿಸಿ ಪ್ರೀತಿಸುವುದು ಗಿಡಕ್ಕೆ ಮಾಡುವ ಅನ್ಯಾಯ ಎಂದೇ ನನ್ನ ನಂಬಿಕೆ. ಹುಳಿಯನ್ನು ಕೂಡಿಟ್ಟು ಹಗಲನ್ನು ಕಾಯುವ ಎಲೆ ಕಣ್ಣೆದುರಿಗಿರುವಾಗ ಅದನ್ನು ಗಾಳಿ ಸೋಸುವ ಯಂತ್ರವಾಗಿ ನೋಡುವುದೇಕೆ?

ಉಪಯೋಗದ ಜೊತೆಗೆ ಅಪಾಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೇಲೆ ಹೇಳಿದ ಸಪೊನಿನ್‌ನಿಂದಾಗಿ ಈ ಎಲೆಯನ್ನು ಜಗಿದ ಬೆಕ್ಕು, ನಾಯಿಗಳಿಗೆ ಜೊಲ್ಲು ಸುರಿಯುತ್ತದೆ, ವಾಂತಿ ಭೇದಿಯಾಗುತ್ತದೆ. ಬೆಕ್ಕಿನ ಮರಿ ಇರುವ ಮನೆಗೆ ನಾನು ಇದನ್ನು ಈಗ ಉಡುಗೊರೆಯಾಗಿ ಕೊಡುವುದಿಲ್ಲ.

ಬಿಲ್ಲಿನ ಹೆದೆ

ಕೊಳೆತ ಬುಡದಿಂದ ಇಳಿಬಿದ್ದಿದ್ದ ಬಿಳಿ ಎಳೆಗಳ ಮಾತಿಗೆ ಮರಳುತ್ತೇನೆ. ಸತ್ತ ಗಿಡದ ಎಲೆಯೊಂದನ್ನು ಹಲಗೆಯ ಮೇಲೆ ಹರವಿ ಚಾಕುವಿನ ಬೆನ್ನಿನಿಂದ ಉದ್ದಕ್ಕೂ ಹೆರೆದೆ. ಹಸಿರು ಮಾಂಸ ನೀರು ನೀರಾಗಿ ಕಳಚಿಕೊಂಡಿತು. ಕೆಳಗೆ ಉಳಿದದ್ದು ಎಲೆಯ ಬುಡದಿಂದ ತುದಿಯವರೆಗೆ ಓಡುವ ನಾರು, ರೇಷ್ಮೆಯ ಹೊಳಪಿನದು. ತೊಳೆದು ನೆರಳಲ್ಲಿ ಒಣಗಿಸಿದೆ. ತೊಡೆಯ ಮೇಲೆ ಹೊಸೆದರೆ ನಾಲ್ಕಾರು ಎಳೆ ಸೇರಿದ ಸಣ್ಣ ದಾರವಾಯಿತು. ಎರಡು ಕೈಗಳಿಂದ ಜಗ್ಗಿದೆ. ಬೆರಳಿನಲ್ಲಿ ಗೆರೆ ಮೂಡಿತು, ದಾರ ಹರಿಯಲಿಲ್ಲ. ಒಂದು ಇಡೀ ಎಲೆಯಿಂದ ಸಿಕ್ಕಿದ್ದು ಅಂಗೈಯಲ್ಲಿ ಹಿಡಿಸುವಷ್ಟೇ ನಾರು.

ನೀರು ಕಡಿಮೆಯಾಗಿ ಕೋಶಗಳು ಕುಗ್ಗಿದಾಗಲೂ ಎಲೆ ಕುಸಿಯದೆ ನಿಲ್ಲುವುದು ಈ ನಾರಿನ ಬಲದಿಂದ. ಎಲೆಗೆ ಬೆನ್ನೆಲುಬಾದದ್ದು ಮನುಷ್ಯನ ಕೈಯಲ್ಲಿ ಹಗ್ಗವಾಯಿತು, ಬಲೆಯಾಯಿತು, ಬಿಲ್ಲಿನ ಹೆದೆಯಾಯಿತು. ಇಂಗ್ಲಿಷಿನಲ್ಲಿ ಈ ಬಳಗಕ್ಕೆ 'ಬೋಸ್ಟ್ರಿಂಗ್ ಹೆಂಪ್' ಎನ್ನುತ್ತಾರೆ, ಹೆದೆಯ ನಾರು ಎಂದೇ ಅರ್ಥ. ಸಂಸ್ಕೃತದಲ್ಲಿ ಬಿಲ್ಲಿನ ಹೆದೆಗೆ ಮೌರ್ವಿ ಎಂಬ ಹೆಸರಿದೆ. ಅದು ಮೂರ್ವಾ ಎಂಬ ಸಸ್ಯದ ಹೆಸರಿನಿಂದ ಬಂದದ್ದು. ಹಳೆಯ ಕಾವ್ಯಗಳನ್ನು ಓದಿದವರಿಗೆ ಮೌರ್ವಿಯ ಟಂಕಾರ ಹೊಸದಲ್ಲ. ಮೂರ್ವಾ ಯಾವ ಸಸ್ಯ ಎಂಬುದರಲ್ಲಿ ವೈದ್ಯರಿಗೂ ಸಸ್ಯವಿಜ್ಞಾನಿಗಳಿಗೂ ಒಮ್ಮತವಿಲ್ಲ, ನಾಲ್ಕಾರು ಬಳ್ಳಿಗಳನ್ನೂ ಆ ಹೆಸರಿನಿಂದ ಕರೆದಿದ್ದಾರೆ. ಆ ಸಾಲಿನಲ್ಲಿ ಹಾವಿನ ಗಿಡದ ಭಾರತೀಯ ಸೋದರಿಯೂ ಇದ್ದಾಳೆ. ಸಸ್ಯವಿಜ್ಞಾನಿ ವಿಲಿಯಂ ರಾಕ್ಸ್‌ಬರ್ಗ್ ಹೆಸರನ್ನು ಹೊತ್ತ, ಇನ್ನಷ್ಟು ಸಪೂರವಾದ, ಅಂಚು ಒಳಕ್ಕೆ ಮಡಚಿದ ಎಲೆಗಳ ಪ್ರಭೇದ ಅದು. ಚಾಕುವಿನಿಂದ ಹೆರೆದ ಆ ಸಂಜೆಯ ಮೇಲೆ ಮೌರ್ವಿ ಎಂಬ ಪದ ನನಗೆ ಬರೀ ಪದವಾಗಿ ಉಳಿದಿಲ್ಲ, ಬೆರಳಿನಲ್ಲಿ ಮೂಡಿದ ಗೆರೆಯಾಗಿ ನೆನಪಾಗುತ್ತದೆ.

ಹೆಸರಿನ ಮಾತು ಬಂದದ್ದರಿಂದ ಇಷ್ಟು. ಸ್ವೀಡನ್ನಿನ ಥುನ್‌ಬರ್ಗ್ 1794ರಲ್ಲಿ ಈ ಕುಲಕ್ಕೆ ಸ್ಯಾನ್ಸೆವಿಯೇರಿಯಾ ಎಂದು ಹೆಸರಿಟ್ಟ. ನಮ್ಮ ಕುಂಡದ ಪ್ರಭೇದಕ್ಕೆ 1903ರಲ್ಲಿ ಡೇವಿಡ್ ಪ್ರೇನ್ ಟ್ರೈಫ್ಯಾಸಿಯೇಟಾ ಎಂಬ ಹೆಸರು ಕೊಟ್ಟ. ಡಿಎನ್‌ಎ ಹೋಲಿಕೆಗಳು ಈ ಇಡೀ ಬಳಗ ಡ್ರಸೀನಾ ಕುಲದ ಒಳಗೇ ಕೂರುತ್ತದೆ ಎಂದು ತೋರಿಸಿದ ಮೇಲೆ 2017ರಿಂದ ಅದು ಡ್ರಸೀನಾ ಟ್ರೈಫ್ಯಾಸಿಯೇಟಾ ಆಗಿದೆ. ಡ್ರಸೀನಾ ಎಂದರೆ ಗ್ರೀಕಿನಲ್ಲಿ ಹೆಣ್ಣು ಡ್ರ್ಯಾಗನ್. ಶತಾವರಿಯೂ ಕತ್ತಾಳೆಯೂ ಇದೇ ಕುಟುಂಬದವು ಎಂಬುದು ನನಗೆ ಇನ್ನೂ ಸೋಜಿಗ.

ಕತ್ತಲಲ್ಲಿ ಬಂದ ಪರಿಮಳ

ಕಿಟಕಿಯ ಬಳಿಯ ಗಿಡ ಹೂ ಬಿಡುತ್ತದೆ ಎಂದು ನಾನು ಎಣಿಸಿರಲಿಲ್ಲ. ಎಲೆಗಳ ಬುಡದಿಂದ ತೆಳು ಹಸಿರು ಕಡ್ಡಿಯೊಂದು ಎದ್ದದ್ದನ್ನು ನೋಡಿ ಹೊಸ ಎಲೆ ಇರಬೇಕೆಂದು ಸುಮ್ಮನಾಗಿದ್ದೆ. ಒಂದು ರಾತ್ರಿ ಹತ್ತು ಗಂಟೆ ದಾಟಿದ ಮೇಲೆ ದೀಪ ಆರಿಸಿದಾಗ ಕೋಣೆಯ ತುಂಬ ಸಿಹಿಯಾದ ಗಾಢ ಪರಿಮಳ. ಕತ್ತಲಲ್ಲೇ ಮೂಗಿನ ಜಾಡು ಹಿಡಿದು ಹೋಗಿ ಮೊಬೈಲ್ ಬೆಳಕು ಹಾಯಿಸಿದೆ. ಹಗಲಿನಲ್ಲಿ ಮುದುಡಿದ ಬೆಳ್ಳನೆಯ ಕಡ್ಡಿಗಳಂತಿದ್ದ ಮೊಗ್ಗುಗಳು ಅರಳಿ, ಸಪೂರ ದಳಗಳು ಹಿಂದಕ್ಕೆ ಸುರುಳಿ ಸುತ್ತಿಕೊಂಡಿದ್ದವು, ಕೇಸರಗಳು ಹೊರಚಾಚಿದ್ದವು. ಹೂವಿನ ತೊಟ್ಟಿನ ಬುಡದಲ್ಲಿ ಒಂದೊಂದು ಹನಿ ಪಾರದರ್ಶಕ ಅಂಟುರಸ ನಿಂತು ಹೊಳೆಯುತ್ತಿತ್ತು. ರಾತ್ರಿ ಹಾರುವ ಪತಂಗಗಳಿಗಾಗಿ ಸಿದ್ಧವಾದ ಹೂವು ಅದು. ಗಾಜು ಮುಚ್ಚಿದ ಕಿಟಕಿಯೊಳಗೆ ಪತಂಗ ಎಲ್ಲಿಂದ ಬರಬೇಕು? ಎದ್ದು ಕಿಟಕಿ ತೆರೆದೆ. ಆ ರಾತ್ರಿ ಯಾವ ಪತಂಗವೂ ಬರಲಿಲ್ಲ. ಬೆಳಿಗ್ಗೆ ಹೂಗಳು ಬಾಡಿದ್ದವು, ವಾಸನೆಯ ಸುಳಿವೂ ಇರಲಿಲ್ಲ. ಕಾಯಿ ಕಟ್ಟಲಿಲ್ಲ.

ಹಳದಿ ಅಂಚಿಲ್ಲದ ಮರಿ

ಸತ್ತ ಗಿಡದ ಎಲ್ಲ ಎಲೆಗಳನ್ನೂ ನಾನು ಹೆರೆದು ಮುಗಿಸಲಿಲ್ಲ. ಆರೋಗ್ಯವಾಗಿದ್ದ ಒಂದು ಎಲೆಯನ್ನು ಗೇಣುದ್ದದ ತುಂಡುಗಳಾಗಿ ಕತ್ತರಿಸಿದೆ. ತುಂಡಿನ ಯಾವ ತುದಿ ಕೆಳಗಿತ್ತು ಎಂಬುದು ಮರೆತರೆ ಕೆಲಸ ಕೆಟ್ಟಂತೆ. ತಲೆಕೆಳಗಾಗಿ ನೆಟ್ಟ ತುಂಡು ಬೇರು ಬಿಡುವುದಿಲ್ಲ. ಅದಕ್ಕಾಗಿ ಕೆಳತುದಿಗಳನ್ನೆಲ್ಲ ಬಾಣದ ಮೊನೆಯಂತೆ ಕತ್ತರಿಸಿ ಗುರುತು ಮಾಡಿದೆ. ಗಾಯ ಒಣಗಲು ಮೂರು ದಿನ ಬಿಟ್ಟು ಮರಳು ಬೆರೆಸಿದ ಮಣ್ಣಿನಲ್ಲಿ ಊರಿದೆ, ಬೆಳಕಿರುವ ಕಡೆ ಇಟ್ಟೆ. ಮೊದಲ ತಿಂಗಳು ಏನೂ ಆಗಲಿಲ್ಲ. ಎರಡನೇ ತಿಂಗಳ ಕೊನೆಗೆ ಒಂದನ್ನು ಮೆಲ್ಲಗೆ ಜಗ್ಗಿದರೆ ಮಣ್ಣು ಹಿಡಿದುಕೊಂಡಿತ್ತು. ಐದನೇ ತಿಂಗಳಲ್ಲಿ ತುಂಡಿನಿಂದ ಎರಡು ಬೆರಳು ದೂರದಲ್ಲಿ ಮಣ್ಣು ಸೀಳಿ ಒಂದು ಮೊನೆ ಮೂಡಿತು.

ಆ ಮರಿಗೆ ಹಳದಿ ಅಂಚಿಲ್ಲ. ತಾಯಿಯ ಪಟ್ಟೆಗಳು ಬಂದಿವೆ, ಅಂಚಿನ ಗೆರೆ ಮಾತ್ರ ಬಂದಿಲ್ಲ. ಇದು ನನ್ನ ತಪ್ಪಿನಿಂದ ಆದದ್ದಲ್ಲ. ಲಾರೆಂಟಿ ಎಂದು ಕರೆಯುವ ಆ ತಳಿ ಒಂದೇ ಬಗೆಯ ಕೋಶಗಳಿಂದ ಆದದ್ದಲ್ಲ. ಪತ್ರಹರಿತ್ತು ಮಾಡಲಾರದ ಕೋಶಗಳು ಹೊರಪದರದಲ್ಲಿ, ಮಾಡಬಲ್ಲವು ಒಳಗೆ, ಎರಡೂ ಒಂದೇ ದೇಹದಲ್ಲಿ ಕೂಡಿ ಬೆಳೆಯುತ್ತವೆ. ಸಸ್ಯವಿಜ್ಞಾನ ಇದನ್ನು ಕೈಮೆರಾ ಎನ್ನುತ್ತದೆ. ಕತ್ತರಿಸಿದ ಎಲೆಯಿಂದ ಹೊಸ ಮೊಳಕೆ ಹುಟ್ಟುವುದು ಒಳಗಿನ ಹಸಿರು ಕೋಶಗಳಿಂದ, ಹಾಗಾಗಿ ಹಳದಿ ಅಲ್ಲಿಗೆ ನಿಲ್ಲುತ್ತದೆ. ಅದನ್ನು ಉಳಿಸಿಕೊಳ್ಳಲು ಇರುವ ದಾರಿ ಗೆಡ್ಡೆಕಾಂಡವನ್ನೇ ಬೇರ್ಪಡಿಸಿ ನೆಡುವುದು. ನನ್ನ ಗಿಡದ ಗೆಡ್ಡೆಕಾಂಡವನ್ನು ನಾನು ಆಗಲೇ ಕೊಳೆಸಿಬಿಟ್ಟಿದ್ದೆ.

ಈಗ ಆ ಮರಿಗೆ ಮೂರನೇ ಎಲೆ ಬರುತ್ತಿದೆ, ಇನ್ನೂ ಸುರುಳಿಯಾಗಿಯೇ ಇದೆ. ಸೆಣಬಿನ ದಾರದ ಬದಲು ತಾಯಿಗಿಡದ ನಾರಿನಿಂದ ಹೊಸೆದ ದಾರದಲ್ಲೇ ಅದರ ವಾಲಿದ ಎಲೆಯನ್ನು ಕಡ್ಡಿಗೆ ಕಟ್ಟಿದ್ದೇನೆ. ಕೊನೆಯ ಬಾರಿ ನೀರು ಹಾಕಿ ಇಂದಿಗೆ ಹತ್ತೊಂಬತ್ತು ದಿನ. ಬೆಳಿಗ್ಗೆ ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿದೆ. ತಳದಲ್ಲಿ ಇನ್ನೂ ತಂಪಿದೆ.